ಖಾನಾಪುರದ ಜಗಲಿಗೆ ಅರಿಷಿಣ

ಮೊನ್ನೆ ಮೊಮ್ಮಗುವಿಗೆಂದು ಸೊಸೆ ಸಾಣೆಕಲ್ಲಿನ ಮೇಲೆ ಬಜೆಬೇರು ತೇಯುತ್ತಿದ್ದಳು. ಆ ಘಾಟು ಮೂಗಿಗೆ ಬಿದ್ದದ್ದೇ ತಡ, ಬೆಳಗಾವಿಯ ಹಳೆಯ ದಫ್ತರಗಳ ಕೋಣೆ ಕಣ್ಣೆದುರು ಬಂತು. ಹುಳ ಹಿಡಿಯದಿರಲೆಂದು ಅಲ್ಲಿ ಕಾಗದದ ಗಂಟುಗಳೊಳಗೆ ಇದೇ ಬೇರಿನ ತುಂಡು ಇಡುತ್ತಿದ್ದರು. ಅದರ ಹಿಂದೆಯೇ ಬಂದವರು ನಮ್ಮ ಬಾಜೂಮನೆಯ ಕಾಕು...

ಶಹಾಪುರದಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ಗಂಡ, ನಮ್ಮ ಕಾಕಾ, ತೀರಿಹೋದ ಮೇಲೆ ಮಗ್ಗ ನಡೆಸಿ ಮಗನನ್ನು ಬೆಳೆಸಿದ ಹೆಂಗಸು. ನಮ್ಮ ಒಲೆಯ ಮೇಲೆ ಒಗ್ಗರಣೆ ಚಟಗುಟ್ಟಿದರೆ ಅವರ ಅಡುಗೆಮನೆಯಿಂದ ಕೂಗು ಬರುತ್ತಿತ್ತು: "ಬಳ್ಳೊಳ್ಳಿ ಹೊತ್ತಿಸಿದಿ ನೋಡವಾ!" ಅಂಥವರು ಮಗನ ಮದುವೆ ಗೊತ್ತಾದ ಮೇಲೆ ಸುಮ್ಮನಾಗಿಬಿಟ್ಟರು.

ಕಾಕಾನ ಮೂಲಮನೆ ಖಾನಾಪುರದಲ್ಲಿತ್ತು. ಮದುವೆಗೆ ಮೊದಲು ಅಲ್ಲಿ ಗೋಂಧಳ, ಅಂದರೆ ದೇವಿಯ ಹಾಡು-ಪೂಜೆ, ಹಾಕಿಸಿ, ಮದುಮಗ ದೇವರ ಜಗಲಿಗೆ ಅರಿಷಿಣ ಏರಿಸುವುದು ಮನೆತನದ ಪದ್ಧತಿ. ಕಾಕಾ ಆ ಮನೆಯ ಹಿರಿಯಜ್ಜನ ಎರಡನೆಯ ಹೆಂಡತಿಯ ಮೊಮ್ಮಗ. ಮೊದಲ ಹೆಂಡತಿಯ ಮೊಮ್ಮಗ, ಕಾಕುಗೆ ಭಾವನಾಗಬೇಕಾದವರು, ಕೇಳಲು ಹೋದ ಕಾಕುನನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿದ್ದರು.

"ನಿಮ್ಮ ಅಜ್ಜೀನ ನಮ್ಮಜ್ಜ ಹಂಗ ಇಟ್ಕೊಂಡಿದ್ದ. ಲಗ್ನ ಆಗಿದ್ರ ನೋಡಿದವ್ರು ಯಾರರೆ ಇರಬೇಕಲ್ಲ? ಸರಕಾರೀ ಕಾಗದ ತೋರ್ಸು, ಆಮ್ಯಾಲ ಅರಿಷಿಣ ತಗೊಂಡು ಬಾ."

ನೋಡಿದವರು ಎಲ್ಲಿಂದ ಸಿಗಬೇಕು? ಆ ಅಜ್ಜಿಯದು ಉಡಿಕೆ. ಗಂಡ ಸತ್ತವಳು ಹೊಸ ಸೀರೆ ಉಡಿಸಿಕೊಂಡು ಇನ್ನೊಂದು ಮನೆ ಸೇರುವ ಪದ್ಧತಿ. ವಾಲಗವಿಲ್ಲ, ಅಕ್ಕಿಕಾಳಿಲ್ಲ, ಮುತ್ತೈದೆಯರು ಅತ್ತ ಸುಳಿಯುವಂತಿಲ್ಲ. ನಾಲ್ಕು ಜನ ಹಿರಿಯರು ಕೂತು ಮುಗಿಸಿಬಿಡುತ್ತಿದ್ದರು. ಆ ಹಿರಿಯರೆಲ್ಲ ಯಾವಾಗಲೋ ಮಣ್ಣಾಗಿದ್ದರು.

ಕಾಕು ನನ್ನನ್ನು ಜೋಡಿಗೆ ಕರೆದುಕೊಂಡು ಖಾನಾಪುರಕ್ಕೂ ಬೆಳಗಾವಿಗೂ ಎಡತಾಕಿದರು. ಒಂದು ಕಚೇರಿ ಇನ್ನೊಂದರತ್ತ ಕೈ ತೋರಿಸುತ್ತಿತ್ತು. ಕಡೆಗೂ ಹಿರಿಯಜ್ಜ ಸತ್ತಾಗ ಹೊಲದ ವಾರಸುದಾರರು ಯಾರೆಂದು ಊರವರ ಮುಂದೆ ಬರೆಸಿದ ಜಬಾನಿ ಹೇಳಿಕೆ ಸಿಕ್ಕಿತು. ಹಳೆಯ ಮರಾಠಿಯ ಮೋಡಿ ಬರಹ. ನಮಗೆ ಒಂದಕ್ಷರವೂ ತಿಳಿಯದು. ಓದಬಲ್ಲ ಅಜ್ಜನೊಬ್ಬರನ್ನು ಒಪ್ಪಿಸಿ ಆ ದಫ್ತರಗಳ ಕೋಣೆಗೇ ಕರೆತಂದೆವು. ತಾನೇ ಕಿವಿಯಾರೆ ಕೇಳಬೇಕೆಂದು ಭಾವನೂ ಬಂದು ಬಾಗಿಲಿಗೆ ಆತು ನಿಂತರು. ಮದುವೆಗೆ ವಾರ ಉಳಿದಿತ್ತು.

"ಹೆಂಡ್ರು ಇಬ್ರು," ಅಂದರು ಅಜ್ಜ. "ಹಿರೇಕಿ ಲಗ್ನದಾಕಿ. ಕಿರೇಕಿ..." ಅಲ್ಲಿಗೆ ನಿಲ್ಲಿಸಿ ಕನ್ನಡಕ ತೆಗೆದು ಒರೆಸತೊಡಗಿದರು.

"ಓದ್ರಿ ಅಜ್ಜಾರ, ಆಮ್ಯಾಲ ಒರಸಾಕ ಬರ್ತೈತಿ!" ಕಾಕು ಅವಸರಪಡಿಸಿದರು. ನನ್ನ ಮೊಣಕೈ ಹಿಡಿದ ಅವರ ಬೆರಳು ಚರ್ಮಕ್ಕೆ ನೆಟ್ಟಿದ್ದವು.

"ಕಿರೇಕಿ ಉಡಿಕಿಯಾಕಿ. ಹಿರ್ಯಾರ ಮುಂದ ಆಗೇತಿ. ಆಕಿ ಮಕ್ಕಳಿಗೂ ಪಾಲೈತಿ."

ಭಾವ ಬಾಗಿಲು ಬಿಟ್ಟು ಒಳಗೆ ಬಂದರು. "ಆತು ಬಿಡು. ಬರ್ರಿ ಗೋಂಧಳಕ್ಕ." ಕಾಕು ಸೆರಗಿನಿಂದ ಮುಖ ಒರೆಸಿಕೊಂಡು ನಗಬೇಕೆನ್ನುವಷ್ಟರಲ್ಲಿ ಅಜ್ಜ ಬೆರಳೆತ್ತಿದರು.

"ಇನ್ನೂ ಒಂದು ಸಾಲೈತ್ರಿ. ಆಕಿಗೆ ಮೊದಲಿನ ಗಂಡನಿಂದ ಒಬ್ಬ ಮಗ. ಅವ ಆ ಗಂಡನ ಮನ್ಯಾಗ ಅದಾನ. ಅವಂಗ ಈ ಹೊಲದಾಗ ಹಕ್ಕಿಲ್ಲ."

"ಹೆಸರೇನ್ರಿ ಅವಂದು? ಊರು?" ಕಾಕು ಕೇಳಿದರು.

"ಬರ್ದಿಲ್ಲ ತಂಗಿ."

ಉಡಿಕೆಯಾಗಿ ಹೊರಟವಳು ಮೊದಲ ಗಂಡನ ಕೂಸನ್ನು ಅಲ್ಲೇ ಬಿಟ್ಟು ಏಳಬೇಕಿತ್ತು... ನಮಗೆಲ್ಲ ಗೊತ್ತಿದ್ದ ರೂಢಿಯೇ. ಆದರೂ ಆ ಅಜ್ಜಿ ಹಾಗೆ ಎದ್ದು ಬಂದಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕು ಟಿಕೀಟು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡರು. ಆಮೇಲೆ ಅಂದರು: "ನಾ ಸೊಸಿಯಾಗಿ ಬಂದಾಗ ಅಜ್ಜಿ ಇನ್ನೂ ಇದ್ಲು. ಊಟಕ್ಕ ಒಂದು ತಾಟು ಹೆಚ್ಚಿಗಿ ಹಾಕ್ತಿದ್ಲು. ಅರಳು ಮರಳಂತ ನಕ್ಕೊಂತ ನಾನ ಅದನ್ನ ಎತ್ತಿಡ್ತಿದ್ನೆವಾ..."

ಗೋಂಧಳದ ದಿನ ಮಗ ಜಗಲಿಗೆ ಅರಿಷಿಣ ಏರಿಸಿದ. ಹಾಡಲು ಬಂದ ಗೋಂಧಳಿ, ಮನೆತನದ ತೀರಿಹೋದ ಹಿರಿಯರನ್ನೆಲ್ಲ ಪೂಜೆಗೆ ಹೆಸರುಗೊಂಡು ಕರೆದು ಮುಗಿಸಿದ. ಕಾಕು ಎದ್ದು ನಿಂತರು. "ಇನ್ನೊಬ್ಬನ್ನ ಕರೀಪಾ. ಹೆಸರು ಗೊತ್ತಿಲ್ಲ. ಅಜ್ಜಿ ಮೊದಲಿನ ಮಗ ಅನ್ನು."

ಸಂಬಾಳ ಬಡಿಯುತ್ತಿದ್ದ ಕೈ ನಿಂತಿತು. ಭಾವ ಸಿಡುಕಿದರು: "ಅವ ಯಾಂವ? ಅವ ಈ ಮನ್ಯಾಂವ ಅಲ್ಲ!"

"ನಾವೂ ಮೊನ್ನೆತನಕ ಅಲ್ಲಾಗಿದ್ವಿ, ಭಾವಾರ."

ಭಾವ ಎದ್ದು ಹೋಗುತ್ತಾರೇನೋ, ಮದುವೆ ಇಲ್ಲಿಗೇ ಮುರಿಯುತ್ತದೇನೋ ಎಂದುಕೊಂಡೆ. ಅವರು ನೆಲ ನೋಡುತ್ತ ಕೂತೇ ಇದ್ದರು. ಗೋಂಧಳಿ ಒಮ್ಮೆ ಅವರನ್ನು, ಒಮ್ಮೆ ಕಾಕುನನ್ನು ನೋಡಿ, ಕರೆದ.

ಕಾಕು ಹೋಗಿ ಈಗ ವರ್ಷಗಳಾದವು. ಆ ಮನೆಯಲ್ಲಿ ಬಾಡಿಗೆಯವರಿದ್ದಾರೆ, ಒಳ್ಳೆಯ ಜನ. ನನ್ನ ಒಗ್ಗರಣೆಗೆ ಏನೂ ಅನ್ನುವುದಿಲ್ಲ. ಖಾನಾಪುರದ ಬಸ್‌ನಿಲ್ದಾಣದಲ್ಲಿ ಕಾಕುನ ಮಗನಂಥದೇ, ಅಜ್ಜಿಯಿಂದ ಬಂದದ್ದೆಂದು ಕಾಕು ಹೇಳುತ್ತಿದ್ದ ಚೂಪು ಗದ್ದ ಯಾರದಾದರೂ ಕಂಡರೆ ಈಗಲೂ ನಿಂತುಬಿಡುತ್ತೇನೆ. ನಿಮ್ಮದು ಯಾವ ಮನೆತನ, ನಿಮ್ಮ ಮುತ್ತಜ್ಜನನ್ನು ಸಾಕಿದವರು ಯಾರು ಎಂದು ಕೇಳಬೇಕೆನಿಸುತ್ತದೆ. ಕಾಕು ಇದ್ದಿದ್ದರೆ ಕೇಳಿಯೇಬಿಡುತ್ತಿದ್ದರು. ನನಗೆ ಬಾಯಿ ಬರುವುದಿಲ್ಲ. ಅಷ್ಟರಲ್ಲಿ ಅವರು ಬಸ್ಸು ಹತ್ತಿರುತ್ತಾರೆ...