ಕೊಳಚೆ ಬಾವಿಯ ಅತ್ತಿಗೆ

ಅವನ ಕೊನೆಯ ತಿಂಗಳ ಸಂಬಳ ಇನ್ನೂ ಬಾಕಿಯಿದೆ. ಅತ್ತಿಗೆ ಕೇಳಲು ಹೋದಾಗಲೆಲ್ಲ ಗುತ್ತಿಗೆದಾರನದು ಒಂದೇ ಮಾತು: "ತಿಂಗಳು ಮುಗಿಯೋಕೆ ಮುಂಚೆ ಬಿಟ್ಟು ಹೋದನಲ್ಲಮ್ಮ." ಸತ್ತವನನ್ನು ಕೆಲಸ ಬಿಟ್ಟವರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾನೆ ಪುಣ್ಯಾತ್ಮ.

ಸತ್ತವನು ಅವಳ ಮೈದುನ. ಹೊಳೆಯ ದಂಡೆಯಲ್ಲಿರುವ ಕೊಳಚೆನೀರು ಶುದ್ಧೀಕರಣ ಘಟಕದಲ್ಲಿ ಇಬ್ಬರೂ ದುಡಿಯುತ್ತಿದ್ದರು. ಅವಳು ಪಂಪು ನೋಡಿಕೊಳ್ಳುವವಳು, ಅವನು ಜಾಲರಿ ಬಿಡಿಸುವವನು. ಊರಿನ ಬಚ್ಚಲು, ಕಕ್ಕಸಿನ ನೀರೆಲ್ಲ ಮೊದಲು ಬಂದು ಬೀಳುವುದು ಅಲ್ಲಿನ ಆಳವಾದ ಬಾವಿಗೆ. ಬಾವಿಯ ಜಾಲರಿಗೆ ಬಟ್ಟೆ, ಕೂದಲು, ಪ್ಲಾಸ್ಟಿಕ್ಕು ಸಿಕ್ಕಿಕೊಂಡರೆ ಪಂಪು ಗಂಟಲು ಕಟ್ಟಿದವರಂತೆ ಗೊರಗೊರ ಎನ್ನುತ್ತದೆ. ಮನುಷ್ಯರನ್ನು ಇಳಿಸಬಾರದೆಂದು ಕಾನೂನಿದೆ. ಅದು ಕಚೇರಿಯ ಗೋಡೆಗೆ ನೇತಾಡುತ್ತಿದೆ. ಕೊಳಚೆ ಹೀರುವ ಯಂತ್ರ ಮಾತ್ರ ಯಾವಾಗಲೂ ರಿಪೇರಿಯಲ್ಲಿ.

ಅವತ್ತು ಅವನು ಅರ್ಧ ಏಣಿ ಇಳಿದು, ಮುಖ ಮೇಲೆತ್ತಿ ನಕ್ಕ.

"ಅತ್ತಿಗೆ, ವಾಸನೆ ಹೋಯ್ತು! ನಿಮ್ಮ ಅಡುಗೆಮನೆಗಿಂತ ಚೆನ್ನಾಗಿದೆ ಇಲ್ಲಿ."

"ಊಟಕ್ಕೆ ಬರ್ತೀಯಲ್ಲ, ಆಗ ಹೇಳ್ತೀನಿ ನಿಂಗೆ. ಮುಚ್ಕೊಂಡು ಕೆಲಸ ಮಾಡೋ."

ವಾಸನೆ ಎಲ್ಲಿಗೂ ಹೋಗಿರಲಿಲ್ಲ. ಆ ಬಾವಿಯ ವಿಷಗಾಳಿ ಮೊದಲು ಮೂಗನ್ನು ಕೊಲ್ಲುತ್ತದೆ, ಆಮೇಲೆ ಮನುಷ್ಯನನ್ನು. ನಾರುತ್ತಿರುವಷ್ಟು ಹೊತ್ತು ಜೀವ ಇದೆ. ನಾತ ನಿಂತಾಗ ಗಾಳಿ ತಿಳಿಯಾಯಿತೆಂದು ಅವನು ತಿಳಿದ. ಅವಳೂ ತಿಳಿದಳು. ಕರೆದರೆ ಉತ್ತರ ಬರಲಿಲ್ಲ. ಹಗ್ಗ ಎಳೆದಳು, ಹಗುರಾಗಿ ಬಂತು. ಅವನು ಸೊಂಟಕ್ಕೆ ಕಟ್ಟಿಕೊಂಡೇ ಇರಲಿಲ್ಲ.

ಅಂದಿನಿಂದ ಅವಳಿಗೆ ಒಳ್ಳೆಯ ಗಾಳಿ ಎಂದರೆ ದಿಗಿಲು. ಮಗಳು ನೆಲ ಒರೆಸಿ ಮನೆ ಚೊಕ್ಕ ಮಾಡಿದರೆ ಸಾಕು, ದಡಕ್ಕನೆ ಎದ್ದು ಕಿಟಕಿ ಬಾಗಿಲು ತೆರೆಯುತ್ತಾಳೆ, ಕಸದ ಬುಟ್ಟಿಗೆ ಮೂಗು ಹಾಕಿ ಮೂಸುತ್ತಾಳೆ.

"ಮನೆ ನಾರ್ತಿಲ್ಲ ಅಂತ ಯಾರಾದ್ರೂ ಹೆದರ್ತಾರೇನಮ್ಮಾ?"

"ನೀನು ಸುಮ್ನಿರೇ. ನಿಂಗೆ ವಾಸನೆ ಬರ್ತಿದ್ಯಾ, ಅದನ್ನ ಹೇಳು."

ಘಟಕದಲ್ಲಿ ಪಂಪು ನಿಂತರೆ ಬಾವಿಯೊಳಗಿಂದ "ಅತ್ತಿಗೆ" ಎಂದಂತಾಗುತ್ತಿತ್ತು. ನೀರಿನ ಸದ್ದೆಂದು ಅವಳಿಗೂ ಗೊತ್ತು. ಆದರೂ "ಬಂದೆ ಕಣೋ" ಎಂದು ಬಾಯಿಗೆ ಬಂದುಬಿಡುತ್ತಿತ್ತು.

ಹೋದ ವಾರ ಜಾಲರಿ ಮತ್ತೆ ಕಟ್ಟಿತು. ಬಾವಿ ತುಂಬತೊಡಗಿತು. ಸೂಪರ್‌ವೈಸರ್ ಮೂಗಿಗೆ ಕರ್ಚೀಫು ಹಿಡಿದು ಬಂದ.

"ಆ ವಾಚ್‌ಮನ್‌ನ ಇಳಿಸು. ಇಲ್ಲಾಂದ್ರೆ ಹೊಳೆ ಕಡೆ ಗೇಟು ತೆಗಿ, ಹರ್ಕೊಂಡು ಹೋಗ್ಲಿ."

"ಕೆಳಗಿನ ಹಳ್ಳಿಯವರು ಆ ನೀರು ಕುಡೀತಾರೆ, ಸಾರ್."

"ಅವರೇನು ನಿನ್ನ ನೆಂಟರಾ?"

"ನನ್ನ ನೆಂಟನ್ನ ಆಗಲೇ ನುಂಗಿದ್ದೀರಲ್ಲ."

ಅವಳು ಎರಡೂ ಮಾಡಲಿಲ್ಲ. ಊರಿನಿಂದ ಬರುವ ದೊಡ್ಡ ಕೊಳವೆಯ ಗೇಟಿನ ಚಕ್ರಕ್ಕೆ ಜೋತುಬಿದ್ದು, ತುಕ್ಕು ಕಿರುಗುಟ್ಟುವಂತೆ ತಿರುಗಿಸಿ ಮುಚ್ಚಿದಳು. ಊರಿನ ಹೇಲು ಊರಿಗೇ ವಾಪಸು ಹೊರಟಿತು. ಮೊದಲು ತಗ್ಗಿನ ಬೀದಿಯ ಮ್ಯಾನ್‌ಹೋಲ್ ಉಕ್ಕಿತು, ಆಮೇಲೆ ಪುರಸಭೆ ಅಧ್ಯಕ್ಷರ ಬಚ್ಚಲು. ರಿಪೇರಿಯಲ್ಲಿದ್ದ ಯಂತ್ರಕ್ಕೆ ಅದೆಲ್ಲಿಂದ ಕಾಲು ಬಂತೋ, ಮಧ್ಯಾಹ್ನದೊಳಗೆ ಬಂದು ಜಾಲರಿ ಬಿಡಿಸಿತು. ಬಾವಿಗೆ ಯಾರೂ ಇಳಿಯಲಿಲ್ಲ. ಘಟಕದಿಂದ ಹೊಳೆಗೆ ಒಂದು ಚೊಂಬು ಹೊಲಸೂ ಬೀಳಲಿಲ್ಲ.

ಅವಳನ್ನು ಅಮಾನತು ಮಾಡಿದ್ದಾರೆ. ಅವಳ ಜಾಗಕ್ಕೆ ಬಂದವನು ಇಳಿ ಎಂದರೆ ಇಳಿಯುವವನು. ಅದಕ್ಕೇ ಅವಳು ದಿನಾ ಹೋಗಿ ಘಟಕದ ಬೇಲಿಯಾಚೆ ನಿಲ್ಲುತ್ತಾಳೆ. ಪಂಪು ನಿಂತರೆ ಕಿವಿಗೊಡುತ್ತಾಳೆ, ಉಸಿರೆಳೆದು ನೋಡುತ್ತಾಳೆ. ಆ ಕಡೆಯಿಂದ ಯಾರಾದರೂ ಕೆಮ್ಮಿದರೆ, ಬೈದರೆ ಮಾತ್ರ ಮನೆಗೆ ಮರಳುತ್ತಾಳೆ.

ಸೋಮವಾರ ವಿಚಾರಣೆ. ಅವಳ ವಿರುದ್ಧ ಇರುವ ಸಾಕ್ಷಿ ಒಂದೇ: ಬೀದಿಗೆ ಹೊಲಸು ಬಿಟ್ಟಳೆಂದು ತಗ್ಗಿನ ಬೀದಿಯವರು ಕೊಟ್ಟ ದೂರು. ಅದಕ್ಕೆ ಸಹಿ ಹಾಕಿದ ಆ ಬೀದಿಯವರು ನೀವೇ. ಆ ಹೊಲಸು ನಿಮ್ಮದೇ. ಸೋಮವಾರ ಪುರಸಭೆಗೆ ಹೋಗಿ, ದೂರು ವಾಪಸು ತೆಗೆದುಕೊಳ್ಳಿ.