ಅಕ್ಕಸಾಲಿಗರ ಬೀದಿಯ ಧೂಳು

ಕಾಲು ಊದಿಕೊಳ್ಳುತ್ತಿತ್ತೆಂದು ನ್ಯಾಮತಿಯಿಂದ ಹೊನ್ನಾಳಿಗೆ ಹೋಗಿ ತೋರಿಸಿದೆ. ಡಾಕ್ಟರು ನನ್ನ ಮೊಮ್ಮಗಳ ವಯಸ್ಸಿನವರು. ರಿಪೋರ್ಟ್ ನೋಡಿ, "ಅಜ್ಜಾ, ಕಿಡ್ನಿ ಸ್ವಲ್ಪ ಸೋತಾವೆ. ಉಪ್ಪು ಕಮ್ಮಿ ಮಾಡ್ರಿ" ಎಂದು ಹಾಳೆಯ ಹಿಂದೆ ಚಿತ್ರ ಬರೆಯತೊಡಗಿದರು. ಒಂದು ಬಟ್ಟಲು, ಅದರೊಳಗೆ ಉಂಡೆಯಾದ ರಕ್ತನಾಳ, ಬಟ್ಟಲಿಂದ ಹೊರಟು ಡೊಂಕಾಗಿ ಇಳಿದು ಮತ್ತೆ ಮೇಲೇರುವ ನಳಿಕೆ.

"ನೆಫ್ರಾನ್" ಎಂದೆ.

"ಅಯ್ಯೋ, ಮೇಷ್ಟ್ರಾ ನೀವು?"

"ಇಲ್ಲಮ್ಮ. ಬರೀ ಎಸ್ಸೆಸ್ಸೆಲ್ಸಿ."

ಅವರು ನಕ್ಕರು. ಆ ಚಿತ್ರ ನನ್ನೊಳಗೆ ಯಾಕೆ ಅಳಿಯದೆ ಉಳಿದಿದೆಯೆಂದು ನಾನು ಹೆಂಡತಿಗೂ ಹೇಳಿದವನಲ್ಲ.

ಚನ್ನಗಿರಿಯ ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯನೊಬ್ಬನಿದ್ದ. ಅವನ ತಾಯಿ ಬೆಳಗ್ಗೆ ಅಕ್ಕಸಾಲಿಗರ ಅಂಗಡಿಗಳ ಮುಂದೆ, ಚರಂಡಿಯ ಅಂಚಿನಲ್ಲಿ, ಮೊಂಡು ಪೊರಕೆಯಿಂದ ಧೂಳು ಗುಡಿಸಿ ಬುಟ್ಟಿ ತುಂಬುತ್ತಿದ್ದರು. ಅರದಿಂದ ಉಜ್ಜುವಾಗ ಹಾರಿದ ಚಿನ್ನದ ಪುಡಿ ಆ ಧೂಳಿನಲ್ಲಿರುತ್ತಿತ್ತು. ಸಂಜೆ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು, ಅಗಲ ಬೋಗುಣಿಯಲ್ಲಿ ನೀರು ತುಳುಕಿಸಿ ತುಳುಕಿಸಿ ಮಣ್ಣು ಹರಿಬಿಡುತ್ತಿದ್ದರು. ಕೊನೆಗೆ ತಳದಲ್ಲಿ ಹಳದಿ ಗೆರೆಯೊಂದು ಉಳಿಯುತ್ತಿತ್ತು. ಅದನ್ನು ನೋಡಲೆಂದೇ ನಾನು ಹೋಗುತ್ತಿದ್ದೆ. ಬೆಲ್ಲದ ಚಹಾ ಕೊಟ್ಟು, "ಮಾತಾಡಬ್ಯಾಡ್ರಪ್ಪಾ, ಉಸುರಿಗೇ ಹಾರಿ ಹೋಗತೈತೆ" ಎನ್ನುತ್ತಿದ್ದರು. ಆ ಒದ್ದೆ ಮಣ್ಣಿನ ವಾಸನೆ, ಆ ಚಹಾ, ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತದ್ದು! ಅಂಥ ಸಂಜೆಗಳು ನನಗೆ ಮತ್ತೆ ಸಿಗಲಿಲ್ಲ.

ಅಲ್ಲೇ ಒಮ್ಮೆ ವಿಜ್ಞಾನದ ಪಾಠ ಓದುತ್ತಿದ್ದೆವು. ನನಗೊಂದು ಸಂಗತಿ ತಲೆಗೆ ಹತ್ತಲೇ ಇಲ್ಲ. ರಕ್ತಕ್ಕೆ ಬೇಕಾದ ಸಕ್ಕರೆ, ಉಪ್ಪು, ನೀರನ್ನು ಕಿಡ್ನಿಯೊಳಗಿನ ನೆಫ್ರಾನು ಮೊದಲು ತನ್ನ ಬಟ್ಟಲಿಗೆ ಸೋಸಿಬಿಡುವುದೇಕೆ, ಆಮೇಲೆ ನಳಿಕೆಯಲ್ಲಿ ಹೀರಿ ರಕ್ತಕ್ಕೆ ವಾಪಸ್ ಕೊಡುವುದೇಕೆ? ಗೆಳೆಯ ತಾಯಿಯತ್ತ ಕೈ ತೋರಿಸಿದ.

"ಅಮ್ಮ ಬೀದೀಲಿ ನಿಂತು ಚಿನ್ನ ಆರಿಸ್ತಾಳೇನೋ ದಡ್ಡಾ? ಅಲ್ಲಿ ಆರ್ಸಾಕೆ ಆಗಲ್ಲ. ದೊಡ್ಡ ಕಲ್ಲು ಬಿಟ್ಟು ಎಲ್ಲಾ ಬಾಚ್ಕೊಂಡು ಬರ್ತಾಳೆ. ರಕ್ತಕಣ, ಪ್ರೋಟೀನು ಆ ಕಲ್ಲು ಇದ್ದಂಗೆ, ಹಿಂದೇ ಉಳೀತಾವೆ. ಇಲ್ಲಿ ಕೂತು ಬೇಕಾದ್ದು ತಗೀತಾಳೆ, ಉಳಿದ ಕೊಳೆ ಚೆಲ್ತಾಳೆ. ಅದೇ ಮೂತ್ರ!"

ಅವನ ತಾಯಿ, "ಥೂ, ನನ್ನ ಕೆಲಸಕ್ಕೆ ಎಂಥಾ ಹೆಸರಿಟ್ಟೆಯೋ" ಎಂದು ನೀರು ಎರಚಿದರು.

ಮರುದಿನ ಮೇಷ್ಟ್ರು ಅದನ್ನೇ ಕೇಳಿದಾಗ ಗೆಳೆಯನಿಗಿಂತ ಮೊದಲು ನಾನು ಎದ್ದೆ. ಅವನ ಮಾತನ್ನೇ ಒಪ್ಪಿಸಿದೆ. "ಶಭಾಷ್! ಯಾರೋ ಹೇಳಿಕೊಟ್ಟೋರು?" ಎಂದರು. ಅವನ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು.

"ಯಾರೂ ಇಲ್ಲ ಸಾರ್. ಇವನ ಅಮ್ಮ ಚರಂಡಿ ಬಾಚ್ತಾಳಲ್ಲ, ನೋಡಿ ಹೊಳೀತು" ಎಂದೆ.

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಅಂದಿನಿಂದ ಹುಡುಗರು ಅವನನ್ನು "ಚರಂಡಿ" ಎಂದೇ ಕರೆದರು. ತಿಂಗಳೊಳಗೆ ಅವನು ಶಾಲೆ ಬಿಟ್ಟ. ನಾನು ಆ ಬೀದಿಯನ್ನೇ ಬಿಟ್ಟು ಸುತ್ತಿ ಓಡಾಡಿದೆ.

ಈಗ ಡಾಕ್ಟರು ಬರೆದ ಹಾಳೆ ಜೇಬಿನಲ್ಲಿತ್ತು. ಚನ್ನಗಿರಿಯ ಹಳಬರನ್ನು ವಿಚಾರಿಸಿದಾಗ ಗೆಳೆಯ ಜಗಳೂರಿನಲ್ಲಿ ಸ್ಟೌವ್, ಕುಕ್ಕರ್ ರಿಪೇರಿ ಮಾಡುತ್ತಾನೆಂದು ತಿಳಿಯಿತು. ಬಸ್ಸು ಹತ್ತಿದೆ. ಅಂಗಡಿಯ ಮುಂದೆ ನಿಂತಾಗ ಅವನು ಕುಕ್ಕರಿನ ಮುಚ್ಚಳದಿಂದ ಕಣ್ಣೆತ್ತಿ, "ಯಾವ ಕಂಪನೀದು ಯಜಮಾನ್ರೇ?" ಎಂದ. ನಾನು ಹಾಳೆ ಬಿಚ್ಚಿ ಅವನೆದುರು ಇಟ್ಟೆ. ಚಿತ್ರ ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ಬಾರೋ ದಡ್ಡಾ, ಕೂತ್ಕೋ."

ತಪ್ಪಾಯಿತೆಂದೆ. ನಿನ್ನ ಓದು ಕಿತ್ತುಕೊಂಡವನು ನಾನು ಎಂದೆ. ಅವನು ಸುಳ್ಳಿಗಾದರೂ ಇಲ್ಲವೆನ್ನಲಿಲ್ಲ. "ಹೌದು, ಕಿತ್ಕೊಂಡೆ" ಎಂದ. ಸ್ಪ್ಯಾನರ್ ಒರೆಸುತ್ತಾ ಮುಂದುವರಿಸಿದ.

"ಅವತ್ತು ಮನೀಗೆ ಹೋಗಿ ಅತ್ತೆ. ಅಮ್ಮ ಎಲ್ಲಾ ಕೇಳಿ, 'ಉತ್ತರ ಸರಿ ಇತ್ತಾ?' ಅಂದ್ಲು. ಸರಿ ಇತ್ತು ಅಂದೆ. 'ಹಂಗಾದ್ರೆ ನಾಳೆ ಹೋಗಿ ಅದು ನಂದು ಅಂತ ಹೇಳು' ಅಂದ್ಲು. ನನಗೇ ಧೈರ್ಯ ಸಾಲಲಿಲ್ಲ."

ಪಕ್ಕದ ಹೋಟೆಲಿನಿಂದ ಒಗ್ಗರಣೆ ಮಂಡಕ್ಕಿ ತರಿಸಿದ. ಉಪ್ಪು ಕಮ್ಮಿ ಮಾಡಿದ್ದೇನೆಂದೆ. "ಒಗ್ಗರಣೆ ಹಾಕದ ಬರೀ ಮಂಡಕ್ಕಿ ತಾರಪ್ಪಾ" ಎಂದು ಕೂಗಿ, ನನ್ನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಅಮ್ಮ ಇದಾಳೆ. ಕಣ್ಣು ಕಾಣಲ್ಲ, ಕಿವಿ ಚೆನ್ನಾಗೈತೆ. ತಿಂದು ಒಳಗೆ ಬಾ. ಆ ಉತ್ತರ ಯಾರದು ಅಂತ ನೀನೇ ಹೇಳು."

ತಿನ್ನುವವರೆಗೂ ಕಾಯದೆ, ಅವರಿಗೆ ಹೇಳಲೆಂದು ಒಳಗೆ ಹೋಗಲು ಎದ್ದೆ.