ಗಡಿಯಾರದ ಸ್ಪ್ರಿಂಗಿನ ರೈಲು

ಮೊನ್ನೆ ಪಕ್ಕದ ಮನೆಯ ಗೌರಕ್ಕ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಕಿಟಕಿಯಿಂದ ಅದರ ವಾಸನೆ ಒಳಗೆ ಬಂತು. ಅಕ್ಕಿ ಆರಿಸುತ್ತಿದ್ದ ನಾನು ಕೈ ನಿಲ್ಲಿಸಿ ಸುಮ್ಮನೆ ಕುಳಿತೆ. ನಿಮಗೂ ಹೀಗೆ ಆಗಿರಬಹುದು. ಕೆಲವರಿಗೆ ಮಲ್ಲಿಗೆಯಿಂದ, ಕೆಲವರಿಗೆ ಹೊಸ ಪುಸ್ತಕದಿಂದ. ನನಗೆ ಯಂತ್ರದ ಎಣ್ಣೆಯಿಂದ. ಆ ವಾಸನೆ ಬಂದರೆ ನನ್ನ ಅಪ್ಪ, ನಮ್ಮ ಅಬ್ಬಾ, ಇಲ್ಲೇ ಎಲ್ಲೋ ಬಗ್ಗಿ ಕುಳಿತಿದ್ದಾರೆ ಎನ್ನಿಸುತ್ತದೆ.

ಅಬ್ಬಾಗೆ ಗದಗಿನಲ್ಲಿ ಗಡಿಯಾರ ರಿಪೇರಿಯ ಅಂಗಡಿ ಇತ್ತು. ಅಂಗಡಿ ಎಂದರೆ ಎರಡು ದೊಡ್ಡ ಅಂಗಡಿಗಳ ನಡುವಿನ ಸಂದಿ. ಗೋಡೆಯ ತುಂಬ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಹೊತ್ತು. ಸೊರಟೂರಿನಿಂದ ಸಂತೆಗೆ ಬಂದವರು, "ಸಾಹೇಬ್ರ, ಇದರಾಗ ಖರೆ ಯಾವುದ್ರಿ?" ಎಂದು ಕೇಳಿದರೆ ಅಬ್ಬಾ ತಲೆ ಎತ್ತದೆ, "ನಿಮ್ಮ ಬಸ್ಸಿಗೆ ಯಾವುದು ಹೊಂದತೈತಿ ಅದನ್ನ ನೋಡ್ಕೋರಿ" ಎನ್ನುತ್ತಿದ್ದರು. ಮನೆಯಲ್ಲಿ ನಮ್ಮ ಮಾತು ಉರ್ದು. ಕನ್ನಡ ಅವರಿಗೆ ಅಂಗಡಿಯ ಮಾತು, ಕೆಲಸದ ಮಾತು.

ಇಬ್ಬರು ಅಣ್ಣಂದಿರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವರು ಕೆಲಸ ಕಲಿಸಿದರು. ಒಬ್ಬ ಲಾರಿ ಹಿಡಿದ, ಇನ್ನೊಬ್ಬ ಬೆಟಗೇರಿಯಲ್ಲಿ ಸೀರೆ ವ್ಯಾಪಾರಕ್ಕೆ ಇಳಿದ. ಬುತ್ತಿ ತಂದುಕೊಟ್ಟು ಬಾಗಿಲಲ್ಲಿ ನಿಂತು ಕಣ್ಣು ಪಿಳುಕಿಸದೆ ನೋಡುತ್ತಿದ್ದವಳು ನಾನು. ಚಿಮಟ ಮುಟ್ಟಿದರೆ ಸಾಕು, ಮನೆಗೆ ಹೋಗು ಎನ್ನುತ್ತಿದ್ದರು. ಹೋದೆ. ಓದಿದೆ. ಶಿರಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆದೆ.

ಗದಗ ಜಿಲ್ಲೆಯಾಗಿ ಮೂರು ನಾಲ್ಕು ವರ್ಷ ಆಗಿತ್ತು. ಹೊಸ ಜಿಲ್ಲೆಯಲ್ಲಿ ಎಲ್ಲದಕ್ಕೂ ಹುರುಪು. ನಮ್ಮ ಶಾಲೆಯಲ್ಲಿ ಸುತ್ತಲಿನ ಶಾಲೆಗಳನ್ನೆಲ್ಲ ಕರೆದು ವಿಜ್ಞಾನ ಪ್ರದರ್ಶನ ಮಾಡುವುದೆಂದು ಆಯಿತು. "ನೀವೂ ಏನರ ಒಂದು ಮಾಡ್ರಿ ಟೀಚರ್, ಬರೇ ಬೋರ್ಡ್ ಮ್ಯಾಲೆ ಬರದ್ರ ಹುಡುಗ್ಯಾರಿಗೆ ತಿಳ್ಯಾಂಗಿಲ್ಲ" ಎಂದರು ಹೆಡ್ ಮಾಸ್ಟರ್. ನನಗೆ ಮಾತು ತಾಗಿತು. ಹಲ್ಲಿನ ಚಕ್ರಗಳ ಲೆಕ್ಕ ಕಲಿಸುವಾಗ ನಾನು ಬೋರ್ಡಿನ ಮೇಲೆ ಬರೀ ವೃತ್ತಗಳನ್ನು ಬರೆಯುತ್ತಿದ್ದುದು ನಿಜ. ಬ್ಯಾಟರಿ ಇಲ್ಲದೆ, ಕೀಲಿ ಕೊಟ್ಟರೆ ಓಡುವ ರೈಲು ಮಾಡುತ್ತೇನೆ ಎಂದುಬಿಟ್ಟೆ.

ಅಣ್ಣನ ಮಕ್ಕಳು ಆಡಿ ಬಿಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳು ಒಂದು ಚೀಲ ಇದ್ದವು. ಒಂದರ ಮೇಲೊಂದು ಒತ್ತಿದರೆ ಕಚ್ಚಿ ಕೂರುವಂಥವು. ಅದರಲ್ಲೇ ಗಾಲಿ, ಹಲ್ಲಿನ ಚಕ್ರಗಳೂ ಸಿಕ್ಕವು. ಕೆಂಪು ಇಟ್ಟಿಗೆಯಲ್ಲಿ ಎಂಜಿನ್, ಹಳದಿಯಲ್ಲಿ ಎರಡು ಡಬ್ಬಿ. ಕೆಟ್ಟ ಅಲಾರಂ ಗಡಿಯಾರವೊಂದರ ಸ್ಪ್ರಿಂಗ್ ಕಿತ್ತು ಎಂಜಿನ್ನಿನ ಹೊಟ್ಟೆಗೆ ಸೇರಿಸಿದೆ. ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಕೀಲಿ ತಿರುಗಿಸಿ ಬಿಟ್ಟೆ. ರೈಲು ಹಿಂದಕ್ಕೆ ಜಿಗಿದು ಅಬ್ಬಾನ ಚಹಾದ ಲೋಟಕ್ಕೆ ಬಡಿದು ಚೂರುಚೂರಾಯಿತು. ಒಂದು ಚಕ್ರ ಹೆಚ್ಚಾದರೆ ದಿಕ್ಕು ತಿರುವುಮುರುವಾಗುತ್ತದೆ ಎಂದು ಅದೇ ವಾರ ಮಕ್ಕಳಿಗೆ ಪಾಠ ಮಾಡಿದವಳು ನಾನೇ.

ಅಬ್ಬಾ ಚಹಾ ಒರೆಸಿಕೊಂಡರು. ಚಕ್ರ ಸರಿಪಡಿಸಿದೆ. ಈಗ ಮುಂದಕ್ಕೆ ಜಿಗಿದು ಚೂರಾಯಿತು. ನಾಲ್ಕು ದಿನ ಹೀಗೇ ಕಟ್ಟುವುದು, ಒಡೆಯುವುದು. ಐದನೆಯ ಸಂಜೆ ಅವರು ಅಂಗಡಿಯಿಂದ ಬಂದು, ಟೋಪಿಯನ್ನೂ ತೆಗೆಯದೆ ನನ್ನೆದುರು ಕುಳಿತರು.

"ಇದಕ ತಡೆ ಎಲ್ಲೈತಿ?" ಎಂದರು.

ಕನ್ನಡದಲ್ಲಿ. ಅವರು ನನ್ನೊಡನೆ ಆ ಭಾಷೆ ಆಡಿದ್ದು ಅದೇ ಮೊದಲು. ನಾನು ತಬ್ಬಿಬ್ಬಾಗಿ, "ಏನ್ ತಡೆ?" ಎಂದೆ.

"ಸ್ಪ್ರಿಂಗಿಗೆ ಓಡೂದೊಂದ ಗೊತ್ತು, ನಡಿಯೂದು ಗೊತ್ತಿಲ್ಲ. ಗಡಿಯಾರದಾಗ ಅದನ್ನ ಹಿಡದು ನಡಸ್ತೀವಿ. ನೀ ಹಿಡಿಯೂದನ್ನ ಕಿತ್ತು ಒಗದು ಬರೇ ಸ್ಪ್ರಿಂಗ್ ಹಾಕೀದಿ."

ಮರುದಿನ ಅಂಗಡಿಯಿಂದ ಹಳೆಯ ಗೋಡೆ ಗಡಿಯಾರವೊಂದನ್ನು ತಂದರು. ಅದರಲ್ಲಿ ಮುಳ್ಳು ನಡೆಸಲು ಒಂದು ಸ್ಪ್ರಿಂಗ್, ಗಂಟೆ ಬಾರಿಸಲು ಇನ್ನೊಂದು. ಗಂಟೆ ಬಾರಿಸುವ ಚಕ್ರಗಳ ಸಾಲಿನ ಕೊನೆಯಲ್ಲಿ ಉಗುರಿನಷ್ಟು ಅಗಲದ ತಗಡಿನ ರೆಕ್ಕೆ ಇರುತ್ತದೆ. ಅದು ಗಾಳಿಗೆ ಬಡಿದುಕೊಂಡು ತಿರುಗುವುದರಿಂದ ಉಳಿದ ಚಕ್ರಗಳು ನಿಧಾನವಾಗಿ ಓಡುತ್ತವೆ. ಹಿತ್ತಾಳೆಯ ತಗಡು ಕತ್ತರಿಸಿ ಅಷ್ಟನ್ನೂ ಎಂಜಿನ್ನಿನೊಳಗೆ ಕೂರಿಸಬೇಕಿತ್ತು. ಚಿಮಟವನ್ನು ಅವರು ನನ್ನ ಕೈಗೇ ಕೊಟ್ಟರು.

"ಬಿಗಿ ಹಿಡೀಬ್ಯಾಡ, ಹಾರತೈತಿ. ಹೂಂ, ಹಂಗ. ಉಸರು ಬಿಡು, ಉಸರು ಹಿಡದು ಕೆಲಸ ಆಗಾಂಗಿಲ್ಲ."

ಮೂರು ವಾರ ದಿನಾ ಸಂಜೆ ನಾವಿಬ್ಬರೂ ಕುಳಿತೆವು. ಇಟ್ಟಿಗೆಯ ಗಾಲಿ ಜಾರುತ್ತದೆಂದು ಅವರು ಸೈಕಲ್ಲಿನ ವಾಲ್ವ್ ಟ್ಯೂಬ್ ಕತ್ತರಿಸಿ ತೊಡಿಸಿದರು. ಎಷ್ಟು ಹಲ್ಲಿಗೆ ಎಷ್ಟು ಸುತ್ತು ಎಂಬ ಲೆಕ್ಕ ನನ್ನದು. ನನ್ನ ಲೆಕ್ಕ ಸರಿಯಾದಾಗ ಅವರು ಮುಂದಿನ ಸ್ಕ್ರೂ ಕೊಡುತ್ತಿದ್ದರು. ಅಷ್ಟು ಸುಖವಾಗಿ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಆ ಸುಖದಲ್ಲೇ ಒಂದು ಸಂಜೆ ಕೇಳಿಬಿಟ್ಟೆ.

"ಅಣ್ಣಗೋಳಿಗೆ ಕಲಿಸಿದ್ರಿ. ನನಗ ಯಾಕ ಕಲಿಸ್ಲಿಲ್ಲ?"

ಅವರು ಕಣ್ಣಿನಿಂದ ಭೂತಗನ್ನಡಿ ತೆಗೆದು ಒರೆಸಿದರು.

"ಅವರು ಕಲಿಯೂದಿಲ್ಲ ಅಂತ ಗೊತ್ತಿತ್ತು. ನೀ ಕಲೀತಿ ಅಂತ್ಲೂ ಗೊತ್ತಿತ್ತು. ಕಲತಿದ್ರ ನಿನ್ನ ಅಲ್ಲೇ ಕುಂಡ್ರಿಸ್ಕೋತಿದ್ದೆ. ಶಾಲಿ ಬಿಡಿಸ್ತಿದ್ದೆ. ನನಗ ನನ್ನ ಮ್ಯಾಲೆ ನಂಬಿಕಿ ಇರಲಿಲ್ಲ."

ನಾನು ಇದನ್ನು ನಂಬಲಿಲ್ಲ. ಹೆಣ್ಣುಮಗಳೆಂದು ದೂರವಿಟ್ಟು, ಈಗ ಚೆಂದದ ಮಾತು ಕಟ್ಟುತ್ತಿದ್ದಾರೆ ಎನ್ನಿಸಿತು. ಮಾತಿಲ್ಲದೆ ರೈಲು ಮುಗಿಸಿದೆವು.

ಪ್ರದರ್ಶನಕ್ಕೆ ಅಬ್ಬಾ ಇಸ್ತ್ರಿ ಮಾಡಿದ ಶೆರ್ವಾನಿ ಹಾಕಿಕೊಂಡು ನನ್ನೊಡನೆ ಬಸ್ಸಿನಲ್ಲಿ ಬಂದರು. ದಾರಿಯುದ್ದಕ್ಕೂ ರೈಲು ಅವರ ತೊಡೆಯ ಮೇಲೆ. ಶಾಲೆಯಲ್ಲಿ ಮೂರು ಬೆಂಚು ಜೋಡಿಸಿ ಹಳಿ ಹಾಸಿದ್ದೆ. ಕೀಲಿ ಕೊಟ್ಟೆ. ರೆಕ್ಕೆ ಬರ್ರೆಂದಿತು. ರೈಲು ಮೊದಲನೆಯ ಬೆಂಚು, ಎರಡನೆಯ ಬೆಂಚು ದಾಟಿ, ಮೂರನೆಯದರ ಅಂಚಿಗೆ ಒಂದು ಗೇಣು ಇರುವಾಗ ತಾನಾಗಿಯೇ ನಿಂತಿತು. ನಿಲ್ಲುವ ಜಾಗ ನನ್ನ ಲೆಕ್ಕದ ಪ್ರಕಾರವೇ ಇತ್ತು. ಹುಡುಗಿಯರು ಇನ್ನೊಮ್ಮೆ, ಇನ್ನೊಮ್ಮೆ ಎಂದರು. ತೀರ್ಪುಗಾರರು ಮಾತ್ರ, "ಬ್ಯಾಟರಿ ಹಾಕಿದ್ರ ಜಲ್ದಿ ಓಡ್ತಿತ್ತಲ್ರಿ" ಎಂದು ಮುಂದಿನ ಮೇಜಿಗೆ ಹೋದರು. ಬಹುಮಾನ ಬರಲಿಲ್ಲ. ಅಬ್ಬಾ ಹಿಂದಿನ ಸಾಲಿನಲ್ಲಿ ಕುಳಿತು, ಎಲ್ಲರೂ ಹೋಗುವವರೆಗೆ ಹುಡುಗಿಯರಿಗೆ ಕೀಲಿ ತಿರುಗಿಸಲು ಬಿಟ್ಟರು.

ಮರುವರ್ಷ ಅಂಗಡಿ ಮುಚ್ಚಿದರು. ಕೀಲಿ ಗಡಿಯಾರ ತರುವವರೇ ಇರಲಿಲ್ಲ. ಹುಬ್ಬಳ್ಳಿಯಿಂದ ಸಾಮಾನು ಕೊಳ್ಳುವವನು ಬರುವ ದಿನ ಬೆಳಿಗ್ಗೆ ನನ್ನನ್ನು ಕರೆದು, "ನಿನಗ ಯಾವುದು ಬೇಕು ತಗೋ" ಎಂದರು. ಆ ಮೇಜಿನ ಮೇಲಿನ ಒಂದೊಂದು ಉಪಕರಣವೂ ನನಗೆ ಬೇಕಿತ್ತು. "ಏನೂ ಬ್ಯಾಡ" ಎಂದೆ. ಅವರ ಮುಖ ನೋಡದೆ ಬಸ್ ಹಿಡಿಯಲು ಹೊರಟೆ. ಸಂಜೆ ಬಂದಾಗ ಸಂದಿ ಖಾಲಿಯಾಗಿತ್ತು. ಆಮೇಲೂ ಅವರು ಒಂಬತ್ತು ವರ್ಷ ಇದ್ದರು, ನನ್ನ ಮದುವೆ ಮಾಡಿದರು, ಮೊಮ್ಮಗಳನ್ನು ಎತ್ತಿ ಆಡಿಸಿದರು. ಆ ದಿನದ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಆ ಮೊಮ್ಮಗಳು, ನನ್ನ ಮಗಳು, ಈಗ ಡಿಪ್ಲೊಮಾ ಮುಗಿಸಿದ್ದಾಳೆ. ಮುಂಡರಗಿಯ ಕಡೆ ಗುಡ್ಡದ ಸಾಲಿನಲ್ಲಿ ನಿಂತಿವೆಯಲ್ಲ ದೊಡ್ಡ ಗಾಳಿಯಂತ್ರಗಳು, ಅವುಗಳ ಕಂಬ ಹತ್ತಿ ರಿಪೇರಿ ಮಾಡುವ ಕೆಲಸಕ್ಕೆ ಅವಳನ್ನು ಕರೆದಿದ್ದಾರೆ. ಹತ್ತು ದಿನದಿಂದ ನಾನು ಬೇಡ ಎನ್ನುತ್ತಿದ್ದೆ. ದೂರ, ಬಿಸಿಲು, ಎತ್ತರ ಎಂದು ದಿನಕ್ಕೊಂದು ಕಾರಣ. ಮೊನ್ನೆ ಅಕ್ಕಿಯ ಮೊರ ಮುಂದಿಟ್ಟುಕೊಂಡು ಕುಳಿತಾಗ ನನ್ನ ನಿಜವಾದ ಕಾರಣ ನನಗೇ ಕಂಡಿತು. ಅವಳು ಆ ಕೆಲಸವನ್ನು ಚೆನ್ನಾಗಿ ಮಾಡುತ್ತಾಳೆಂದು ನನಗೆ ಗೊತ್ತಿದೆ. ಮಾಡಿದರೆ ಮುಂಡರಗಿಗೇ ನಿಲ್ಲುವುದಿಲ್ಲ, ಇನ್ನೂ ದೂರ ಹೋಗುತ್ತಾಳೆ. ನನಗೆ ಅವಳು ಮನೆಯಲ್ಲಿ ಬೇಕು. ಇಷ್ಟನ್ನು ಬಾಯಿಬಿಟ್ಟು ಹೇಳಲು ಎಷ್ಟು ಧೈರ್ಯ ಬೇಕು ಎಂದು ಆಗ ತಿಳಿಯಿತು. ಅಬ್ಬಾ ನನ್ನೆದುರು ಕುಳಿತು ಅದನ್ನು ಹೇಳಿದ್ದರು, ನಾನು ಸುಳ್ಳೆಂದು ತಿಳಿದಿದ್ದೆ.

ಇವತ್ತು ಬೆಳಿಗ್ಗೆ ಮಗಳಿಗೆ ಚಹಾ ಕೊಟ್ಟು, "ಯಾವತ್ತು ಹೋಗಬೇಕು?" ಎಂದು ಕೇಳಿದೆ.

ಅವಳು ಲೋಟ ಹಿಡಿದುಕೊಂಡು ನನ್ನನ್ನೇ ನೋಡಿದಳು. "ಸೋಮವಾರ. ಎಷ್ಟ ಎತ್ತರ ಅಂತ ಮತ್ತ ಕೇಳಾಂಗಿಲ್ಲೇನು?"

"ಕೇಳಾಂಗಿಲ್ಲ" ಎಂದೆ. "ಬುತ್ತಿ ಎಷ್ಟ ಗಂಟೆಕ್ಕ ಕಟ್ಟಬೇಕು, ಅದನ್ನ ಹೇಳು."